ಮೇಡಂ ಕೊಟ್ಟ ಸ್ಕ್ಯಾನ್

ಕಳೆದ ತಿಂಗಳು ನಮ್ಮ ಆಫೀಸು ಬಿಜೈಯ ಹಳೆಯ ಕಟ್ಟಡದಿಂದ ಅದೇ ರಸ್ತೆಯ ಇನ್ನೊಂದು ಕಟ್ಟಡಕ್ಕೆ ಹೋಯಿತು. ಕಪಾಟು ಖಾಲಿ ಮಾಡುವಾಗ ವಯರುಗಳ ಗಂಟಿನ ಕೆಳಗೆ ಒಂದು ಸೀಡಿ ಡ್ರೈವ್ ಸಿಕ್ಕಿತು. ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವಂಥದ್ದು. ಅದರ ಮುಚ್ಚಳ ಸರಿಯಾಗಿ ಕೂರದ ಕಾರಣ ಯಾರೋ ರಬ್ಬರ್ ಬ್ಯಾಂಡ್ ಹಾಕಿದ್ದರು. ಯಾರೋ ಏನು, ಮೇಡಂ ಹಾಕಿದ್ದು. ಮುಟ್ಟಿದ ಕೂಡಲೇ ಅದು ಒಣಗಿದ ಹುಲ್ಲಿನ ಹಾಗೆ ತುಂಡಾಯಿತು. ಒಳಗೆ ಏನಾದರೂ ಉಳಿದಿದೆಯೋ ಎಂದು ಅವಸರದಲ್ಲಿ ತೆರೆದು ನೋಡಿದೆ. ಖಾಲಿ. ನಾನು ನೆಲದ ಮೇಲೆ, ಪೆಟ್ಟಿಗೆಗಳ ನಡುವೆ ಕುಳಿತುಬಿಟ್ಟೆ. ಇಷ್ಟು ವರ್ಷಗಳಾದ ಮೇಲೂ ಆ ವಿಷಯ ನೆನೆದರೆ ನನಗೆ ಮೊದಲು ಬರುವುದು ದುಃಖವಲ್ಲ, ಸಿಟ್ಟು.

ಮೇಡಂ ಅಂಗರಚನಾ ಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಕುಲಶೇಖರದಲ್ಲಿ ತಂಗಿಯ ಜೊತೆ ಇದ್ದರು. ತಂಗಿ ಕುವೈತಿನಲ್ಲಿ ನರ್ಸ್ ಆಗಿದ್ದು ಊರಿಗೆ ಮರಳಿದ್ದವರು. ಅಕ್ಕತಂಗಿಯರು ಕೊಂಕಣಿಯಲ್ಲಿ ಜಗಳವಾಡಿಕೊಂಡು, ನನ್ನ ಕಡೆ ತಿರುಗಿದರೆ ಕನ್ನಡಕ್ಕೆ ಬಂದು, ತುಂಬ ಚೆನ್ನಾಗಿಯೇ ಬದುಕುತ್ತಿದ್ದರು. ನಗರದ ಒಂದು ಖಾಸಗಿ ವೈದ್ಯಕೀಯ ಕಾಲೇಜು ನಮ್ಮ ಚಿಕ್ಕ ಕಂಪನಿಗೆ ಒಂದು ಕೆಲಸ ಕೊಟ್ಟಿತ್ತು. ಮನುಷ್ಯ ದೇಹದ ಸ್ಕ್ಯಾನ್ ಚಿತ್ರಗಳನ್ನು ವಿದ್ಯಾರ್ಥಿಗಳು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ, ಯಾವ ಸಾಫ್ಟ್‌ವೇರನ್ನೂ ಹಾಕಿಕೊಳ್ಳದೆ, ಬ್ರೌಸರಿನಲ್ಲಿ ತೆರೆದು ನೋಡುವಂತಾಗಬೇಕು. ಒಂದೊಂದೇ ಪದರವಾಗಿ ಮೇಲಿನಿಂದ ಕೆಳಗೆ ಹೋಗಬೇಕು, ಬೆರಳಿಟ್ಟಲ್ಲಿ ಅಂಗದ ಹೆಸರು ಬರಬೇಕು. ಆ ಪರದೆ ಹೇಗಿರಬೇಕು ಎಂದು ವಿನ್ಯಾಸ ಮಾಡಿ, ಅದರ ಪ್ರೋಗ್ರಾಮ್ ಬರೆಯುವುದು ನನ್ನ ಪಾಲಿನ ಕೆಲಸ. ವಿಷಯ ತಿಳಿದವರು ಒಬ್ಬರು ಬೇಕಲ್ಲ ಎಂದು ಕಾಲೇಜಿನವರೇ ಮೇಡಂ ಅವರನ್ನು ಕಳುಹಿಸಿದ್ದರು.

ನನಗೆ ದೇಹದ ಬಗ್ಗೆ ಏನೂ ಗೊತ್ತಿರಲಿಲ್ಲ. ನಮ್ಮದು ದೇವಸ್ಥಾನದ ಪೂಜೆಯ ಮನೆ. ಮೊದಲ ವಾರ ಮೇಡಂ ನನ್ನನ್ನು ಹೆಣ ಕೊಯ್ಯುವ ಹಾಲಿಗೆ ಕರೆದುಕೊಂಡು ಹೋದ ದಿನ, ಮನೆಗೆ ಬಂದಾಗ ಅಪ್ಪ ನನ್ನನ್ನು ಒಳಗೆ ಬಿಡಲಿಲ್ಲ. ಅಂಗಳದ ನಳ್ಳಿಯ ಬುಡದಲ್ಲಿ ತಲೆಗೆ ನೀರು ಹೊಯ್ದುಕೊಂಡ ಮೇಲೆಯೇ ಊಟ. ಮಾರನೆಯ ದಿನ ಮೇಡಂಗೆ ಹೇಳಿದರೆ ಅವರು ನಗಲೂ ಇಲ್ಲ, ಬೇಸರಿಸಲೂ ಇಲ್ಲ. "ನಮ್ಮಮ್ಮನೂ ಹಾಗೇ ಮಾಡ್ತಿದ್ರು, ಕೂದಲಿಗೆ ಹಿಡಿದ ವಾಸನೆಗೆ. ಎಂತ ಹೊಯ್ದರೂ ಅದು ಹೋಗುವುದಿಲ್ಲ ಮಾರಾಯ್ತಿ" ಎಂದರು.

ಪದರ ಎಂದರೇನೆಂದು ನನಗೆ ತಿಳಿಯಲಿಲ್ಲ ಎಂದು ಒಂದು ದಿನ ಅವರು ನನ್ನನ್ನು ತಮ್ಮ ಅಡುಗೆಮನೆಯಲ್ಲಿ ನಿಲ್ಲಿಸಿ ಸೌತೆಕಾಯಿ ಕತ್ತರಿಸಿದರು. ಒಂದನ್ನು ಬಿಲ್ಲೆ ಬಿಲ್ಲೆಯಾಗಿ, ಇನ್ನೊಂದನ್ನು ಉದ್ದಕ್ಕೆ ಸೀಳಿ. ಬಿಲ್ಲೆಗಳನ್ನು ಮತ್ತೆ ಜೋಡಿಸಿ ಒಂದೊಂದಾಗಿ ಸರಿಸುತ್ತ, ಬೀಜ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಕೇಳಿದರು. ನಾನು ತೋರಿಸಿದೆ. "ಇಷ್ಟೇ ಉಂಟು. ಇದನ್ನು ನೀನು ಬೆರಳಲ್ಲಿ ಮಾಡ್ಲಿಕ್ಕೆ ಆಗುವ ಹಾಗೆ ಮಾಡು. ಬೇರೆ ಎಂತದ್ದೂ ಬೇಡ." ಆಮೇಲೆ ತಂಗಿ ಬಂದು, ಸಾಂಬಾರಿಗೆ ಇಟ್ಟಿದ್ದ ಸೌತೆಯನ್ನು ಹೀಗೆ ಹಾಳು ಮಾಡಿದ್ದಕ್ಕೆ ಅಕ್ಕನಿಗೆ ಸರಿಯಾಗಿ ಬೈದರು.

ಬೇರೆ ಎಂತದ್ದೂ ಬೇಡ ಎಂದದ್ದು ಮೇಡಂ ಮಾತ್ರ. ಕಾಲೇಜಿನ ಸಮಿತಿಗೆ ಎಲ್ಲವೂ ಬೇಕಿತ್ತು. ದೇಹ ಗಿರಗಿರನೆ ತಿರುಗಬೇಕು, ಹೃದಯ ಕೆಂಪಾಗಿ ಹೊಳೆಯಬೇಕು, ತೆರೆದ ಕೂಡಲೇ ಕಾಲೇಜಿನ ಲಾಂಛನ ಬರಬೇಕು, ಸಂಗೀತ ಇದ್ದರೆ ಒಳ್ಳೆಯದು. ನಾನು ತಿಂಗಳುಗಟ್ಟಲೆ ಮಾಡಿದ ಪರದೆಯನ್ನು ಅವರು ಒಂದು ಸಭೆಯಲ್ಲಿ ಕೆಡವುತ್ತಿದ್ದರು. ಮೇಡಂ ಮಾರನೆಯ ದಿನ ಅದನ್ನು ಮೊದಲಿನ ಹಾಗೆಯೇ ಮಾಡಿಸುತ್ತಿದ್ದರು. ಮತ್ತೆ ಸಭೆ, ಮತ್ತೆ ಕೆಡವುವುದು. ಕಾಲೇಜಿನ ಇಂಟರ್ನೆಟ್ಟಿನಲ್ಲಿ ತಿರುಗುವ ದೇಹ ಅರ್ಧ ತಿರುಗಿ ನಿಂತುಬಿಡುತ್ತಿತ್ತು. ಆಗ ತಪ್ಪು ನನ್ನದು. ಅದನ್ನು ತೆಗೆದು ಹಗುರ ಮಾಡಿದರೆ, ಇದೆಂತ ಸಪ್ಪೆ ಎಂದು ಕೇಳುತ್ತಿದ್ದರು. ಆಗಲೂ ತಪ್ಪು ನನ್ನದು. ಸಂಜೆ ಬಸ್ಸಿನಲ್ಲಿ ಕುಳಿತರೆ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು.

ಇಷ್ಟೆಲ್ಲದರ ನಡುವೆ ತೋರಿಸಲು ನಿಜವಾದ ದೇಹವೇ ಇರಲಿಲ್ಲ. ರೋಗಿಗಳ ಚಿತ್ರಗಳನ್ನು ಕೊಡಲಾಗುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ಅದು ಸರಿಯಾದ ಮಾತೇ. ಒಪ್ಪಿಗೆ ಕೊಡುವ ಆರೋಗ್ಯವಂತರು ಯಾರಾದರೂ ಇದ್ದರೆ ನೋಡಿ ಎಂದರು. ಸಮಿತಿಯಲ್ಲಿದ್ದ ಒಬ್ಬೊಬ್ಬರನ್ನೂ ಮೇಡಂ ಕೇಳಿದರು. ಒಬ್ಬರಿಗೆ ಸಮಯವಿಲ್ಲ, ಒಬ್ಬರ ಹೆಂಡತಿ ಒಪ್ಪುವುದಿಲ್ಲ, ಇನ್ನೊಬ್ಬರು ತಮಾಷೆ ಮಾಡಿ ತಪ್ಪಿಸಿಕೊಂಡರು. ಹೊರಗೆ ಬಂದು ಮೆಟ್ಟಿಲಿಳಿಯುತ್ತ ಮೇಡಂ ನನ್ನ ಹತ್ತಿರ ಹೇಳಿದರು: "ಇಷ್ಟು ವರ್ಷ ಬೇರೆಯವರ ದೇಹ ತೋರಿಸಿ ಪಾಠ ಮಾಡಿದೆ. ಇನ್ನು ನನ್ನದೇ ತೋರಿಸುವ."

ಅವರ ಹಳೆಯ ವಿದ್ಯಾರ್ಥಿಯೊಬ್ಬರು ನಗರದಲ್ಲಿ ಸ್ಕ್ಯಾನ್ ಸೆಂಟರ್ ನಡೆಸುತ್ತಿದ್ದರು. ಒಂದು ಭಾನುವಾರ, ಪೂಜೆ ಮುಗಿಸಿ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ನೇರ ಅಲ್ಲಿಗೆ ಹೋಗಿ, ಮೇಡಂ ಎಂಆರ್‌ಐ ಯಂತ್ರದೊಳಗೆ ಮಲಗಿ ಬಂದರು. ರಿಪೋರ್ಟ್ ಬರೆದುಕೊಡುತ್ತೇನೆ ಎಂದ ಶಿಷ್ಯನಿಗೆ, ತನ್ನ ಹೊಟ್ಟೆಯನ್ನು ತಾನೇ ಓದುತ್ತೇನೆ ಎಂದು ಹೇಳಿ ಸೀಡಿ ಮಾತ್ರ ತಂದಿದ್ದರು. ಸೋಮವಾರ ಬೆಳಿಗ್ಗೆ ನಾನು ಆಫೀಸಿನ ಬಾಗಿಲು ತೆಗೆಯುವ ಮೊದಲೇ ಬಂದು ಹೊರಗೆ ನಿಂತಿದ್ದರು.

ಆ ಬೆಳಿಗ್ಗೆ... ನನ್ನ ವೃತ್ತಿಯಲ್ಲಿ ಅಂಥ ಬೆಳಗು ಆಮೇಲೆ ಬರಲಿಲ್ಲ. ಅಷ್ಟರವರೆಗೆ ನಾವು ಕೆಲಸಕ್ಕೆ ಬಾರದ ಮಾದರಿ ಚಿತ್ರಗಳನ್ನಷ್ಟೇ ಹಾಕಿ ನೋಡುತ್ತಿದ್ದೆವು. ಈಗ ಪರದೆಯ ಮೇಲೆ ನಿಜವಾದ ಒಂದು ಹೊಟ್ಟೆ ಮೂಡಿತು, ಮತ್ತು ಅದರ ಒಡತಿ ನನ್ನ ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದರು. ಯಕೃತ್ತು, ಜಠರ, ಗುಲ್ಮ. ಅವರು ಮೌಸಿನ ಚಕ್ರ ತಿರುಗಿಸುತ್ತ ಪದರ ಪದರವಾಗಿ ಇಳಿದರು. ಹೆಸರು ಹೇಳಿದ್ದನ್ನು ನಾನು ಗುರುತು ಹಾಕಿದೆ. ಬೆನ್ನುಮೂಳೆಯ ಎರಡೂ ಬದಿಗಳಲ್ಲಿ ಕಿಡ್ನಿಗಳು ಕಾಣಿಸಿಕೊಂಡವು. ಇನ್ನೂ ಇಳಿದರು. ಅವು ಕಿರಿದಾಗುತ್ತ ಮರೆಯಾಗಬೇಕಿತ್ತಂತೆ. ಆಗಲಿಲ್ಲ. ಒಂದರ ಕಡೆಗೆ ಒಂದು ಸರಿಯುತ್ತ ಬಂದವು, ಬೆನ್ನುಮೂಳೆಯ ಎದುರು ಬಂದು ಒಂದಕ್ಕೊಂದು ಅಂಟಿಕೊಂಡವು.

ಮೇಡಂ ಚಹಾದ ಲೋಟ ಕೆಳಗಿಟ್ಟರು.

"ಇದು ಯಾರದ್ದು?"

"ನಿಮ್ಮದೇ ಮೇಡಂ."

"ನನ್ನದಲ್ಲ. ನೀನು ಬೇರೆ ಯಾರದ್ದೋ ಫೈಲ್ ಹಾಕಿದ್ದಿ. ಬೇರೆ ಪೇಷಂಟಿನದ್ದು ನಿನ್ನ ಹತ್ರ ಹೇಗೆ ಬಂತು? ಅದು ಎಷ್ಟು ದೊಡ್ಡ ತಪ್ಪು ಗೊತ್ತುಂಟಾ ನಿನಗೆ?"

ಆ ಮಾತಿಗೆ ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆದರೂ ನನ್ನ ಪ್ರೋಗ್ರಾಮೇ ಪದರಗಳನ್ನು ತಪ್ಪಾಗಿ ಜೋಡಿಸಿರಬಹುದು ಎಂಬ ಹೆದರಿಕೆ ಇತ್ತು. ಸೀಡಿ ತೆಗೆದು, ಮತ್ತೆ ಹಾಕಿ, ಮೊದಲಿನಿಂದ ತೆರೆದೆ. ಕ್ರಮ ನೋಡಿದೆ, ಸರಿಯಿತ್ತು. ಚಿತ್ರದ ಮೂಲೆಯಲ್ಲಿ ರೋಗಿಯ ಹೆಸರಿನ ಜಾಗದಲ್ಲಿ ಮೇಡಂ ಹೆಸರೇ ಇತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. ಆಮೇಲೆ ಶಿಷ್ಯನಿಗೆ ಫೋನ್ ಮಾಡಿದರು. ಆ ಕಡೆಯಿಂದ ಅವರ ಧ್ವನಿ ನನಗೂ ಕೇಳುತ್ತಿತ್ತು: "ರಿಪೋರ್ಟ್ ತಕೊಂಡು ಹೋಗಿ ಅಂತ ಹೇಳಿದ್ದೆ ಅಲ್ವಾ ಮೇಡಂ? ನೀವೇ ಬೇಡ ಹೇಳಿದ್ದು."

ಕುದುರೆಲಾಳದ ಕಿಡ್ನಿ ಎಂದು ಅದಕ್ಕೆ ಹೆಸರು. ತಾಯಿಯ ಹೊಟ್ಟೆಯಲ್ಲಿರುವಾಗಲೇ ಎರಡು ಕಿಡ್ನಿಗಳ ಕೆಳತುದಿಗಳು ಕೂಡಿಕೊಂಡುಬಿಡುತ್ತವೆ. ಹೆಚ್ಚಿನವರಿಗೆ ಅದರಿಂದ ಏನೂ ತೊಂದರೆಯಾಗುವುದಿಲ್ಲ, ಇದೆಯೆಂದೇ ತಿಳಿಯದೆ ಬದುಕು ಮುಗಿಸುವವರೂ ಇದ್ದಾರೆ. ಇದನ್ನೆಲ್ಲ ಮೇಡಂ ನನಗೆ ವಿವರಿಸುತ್ತಿದ್ದವರು ನಡುವೆಯೇ ನಿಲ್ಲಿಸಿ ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸಾಯ್ಬಾ, ದೇವರೇ! ಎಷ್ಟು ಮಕ್ಕಳಿಗೆ ಇದನ್ನು ಬೋರ್ಡಿನಲ್ಲಿ ಬರೆದು ತೋರಿಸಿದ್ದೇನೆ. ಹೊಟ್ಟೆಯೊಳಗೆ ಇಟ್ಟುಕೊಂಡೇ ಬರೆದದ್ದು!" ಆಮೇಲೆ ನನ್ನ ಕೈ ಹಿಡಿದು, "ನಿನಗೆ ಸುಮ್ಮನೆ ಬೈದೆ" ಎಂದರು. ಅಂದು ಬಿಜೈ ಬಸ್‌ಸ್ಟ್ಯಾಂಡಿನ ಹತ್ತಿರ ನನಗೆ ಐಸ್‌ಕ್ರೀಮ್ ಕೊಡಿಸಿದರು.

ಮುಂದಿನ ತಿಂಗಳುಗಳಲ್ಲಿ ನಾವು ಒಂದೇ ಸಮನೆ ಕೆಲಸ ಮಾಡಿದೆವು. ಪ್ರತಿ ಪದರದಲ್ಲೂ ಪ್ರತಿ ಅಂಗದ ಅಂಚನ್ನು ಮೇಡಂ ತಾವೇ ಎಳೆದರು. ಮೌಸಿನಲ್ಲಿ ಅವರ ಕೈ ನಡುಗುತ್ತಿತ್ತು. ಎಳೆದದ್ದು ಸರಿಹೋಗದಿದ್ದರೆ ಮೇಜಿಗೆ ಬಡಿಯುತ್ತಿದ್ದರು. ನಾನು ಅದಕ್ಕೆಂದೇ, ನಡುಗಿದ ಗೆರೆಯನ್ನು ತಾನೇ ನಯ ಮಾಡುವ ಒಂದು ಉಪಾಯ ಹಾಕಿದೆ. ಕಿಡ್ನಿಗಳು ಕೂಡುವ ಜಾಗಕ್ಕೆ ಬಂದಾಗ ಮಾತ್ರ ಅವರು ನನ್ನ ನಯ ಮಾಡುವಿಕೆಯನ್ನು ನಿಲ್ಲಿಸಿ, ನಿಧಾನವಾಗಿ, ಉಸಿರು ಹಿಡಿದು ಎಳೆದರು. ಆ ಹೊಟ್ಟೆಯ ಒಳಗನ್ನು ನಾನು ನಮ್ಮ ಬೀದಿಗಿಂತ ಚೆನ್ನಾಗಿ ಬಲ್ಲವಳಾದೆ.

ಸಮಿತಿಗೆ ತೋರಿಸಿದ ದಿನವೇ ತಕರಾರು ಶುರುವಾಯಿತು. ಇದು ಸಾಮಾನ್ಯ ದೇಹವಲ್ಲ, ವಿದ್ಯಾರ್ಥಿಗಳಿಗೆ ಗೊಂದಲವಾಗುತ್ತದೆ, ಬೇರೆಯವರ ಸ್ಕ್ಯಾನ್ ಹಾಕಿ ಎಂದರು. ಬೇರೆಯವರು ಯಾರು? ನಮ್ಮ ಬಾಸ್ ಸಭೆಯಿಂದ ಬಂದವರು ನನ್ನನ್ನು ಕರೆದರು. ಅವರು ಕೆಟ್ಟವರಲ್ಲ. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಹೊರಗೆಲ್ಲೂ ಹೋಗದೆ ಇಲ್ಲೇ ಏನಾದರೂ ಮಾಡಬೇಕೆಂದು ಕಂಪನಿ ಕಟ್ಟಿದವರು. ಈ ಕೆಲಸ ಕೈತಪ್ಪಿದರೆ ಅವರಿಗೆ ಬಹಳ ಕಷ್ಟವಿತ್ತು.

"ಇದೆಂತ ದೊಡ್ಡ ವಿಷಯ ಮಾರಾಯ್ತಿ? ನಡುವಿನದ್ದು ಸ್ವಲ್ಪ ಅಳಿಸಿಬಿಡು. ಎರಡು ಕಿಡ್ನಿ ಬೇರೆ ಬೇರೆ ಕಂಡ್ರೆ ಆಯ್ತಲ್ಲ? ಯಾರಿಗೆ ಗೊತ್ತಾಗ್ತದೆ?"

"ಮೇಡಂಗೆ ಗೊತ್ತಾಗ್ತದೆ ಸರ್."

"ಅವರಿಗೆ ನಾನು ಹೇಳ್ತೇನೆ. ನೀನು ಮಾಡು."

ಅವರು ಹೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ನಾನು ಕಂಪ್ಯೂಟರ್ ಮುಚ್ಚಿ, ಕುಲಶೇಖರದ ಬಸ್ಸು ಹಿಡಿದು, ನೇರ ಅವರ ಮನೆಗೆ ಹೋಗಿ ಹೇಳಿದೆ. ಮೇಡಂ ಆಗ ಅಕ್ಕಿ ಆರಿಸುತ್ತಿದ್ದರು. ಮೊರ ಬದಿಗಿಟ್ಟರು. ಅಡುಗೆಮನೆಯಿಂದ ತಂಗಿಯೇ ಮೊದಲು ಕೂಗಿದರು, ಕೊಂಕಣಿಯಲ್ಲಿ ಏನೋ ಗಟ್ಟಿಯಾಗಿ. ಆಮೇಲೆ ಮೇಡಂ ಹೇಳಿದರು: "ಸಭೆ ಕರೆಯಲಿಕ್ಕೆ ಹೇಳು. ನಾನೂ ಬರ್ತೇನೆ."

ಆ ಸಭೆ ನಡೆದದ್ದು ಅವರದೇ ಹಳೆಯ ವಿಭಾಗದಲ್ಲಿ. ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತವರು ಒಂದು ಕಾಲದಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದ್ದವರು. ಅವರು ಎದ್ದು ನಿಂತು, ಕುರ್ಚಿ ಎಳೆದುಕೊಟ್ಟು, ಬಹಳ ಮರ್ಯಾದೆಯಿಂದಲೇ ಶುರುಮಾಡಿದರು.

"ನಿಮ್ಮ ಶ್ರಮ ನಮಗೆ ಗೊತ್ತುಂಟು ಮೇಡಂ. ಆದ್ರೆ ಪರೀಕ್ಷೆಗೆ ಪುಸ್ತಕದಲ್ಲಿ ಇದ್ದ ಹಾಗೆ ಬೇಕಲ್ಲ."

"ಪುಸ್ತಕದ ಹಾಗೆ ಇರುವವರು ಮಾತ್ರ ಆಪರೇಷನ್ ಟೇಬಲ್ಲಿಗೆ ಬರುವುದಲ್ಲ ಡಾಕ್ಟ್ರೇ. ನನ್ನ ಹಾಗೆ ಇರುವವರೂ ಬರ್ತಾರೆ. ನಿಮ್ಮ ಮಕ್ಕಳು ಅದನ್ನು ಮೊದಲ ಸಲ ಅಲ್ಲಿ ನೋಡುವುದಾ?"

"ಇದನ್ನು ಬೇಕಾದ್ರೆ ಬೇರೆ ಕಡೆ, ಅಪರೂಪದ್ದು ಅಂತ ಇಡುವ."

"ಇಡಿ. ಪಕ್ಕದಲ್ಲಿ ಸಾಮಾನ್ಯದ್ದು ಒಂದು ಹಾಕಿ. ನಾನು ಬೇಡ ಹೇಳಿದೆನಾ? ನಿಮ್ಮಲ್ಲಿ ಒಬ್ಬರು ಬಂದು ಮಲಗಿ, ನಾನೇ ಕೂತು ಗುರುತು ಹಾಕಿ ಕೊಡ್ತೇನೆ."

ಒಬ್ಬರು ಮೊಬೈಲ್ ನೋಡಿದರು. ಆಗ ನಮ್ಮ ಬಾಸ್, ಒಳ್ಳೆಯ ಮನಸ್ಸಿನಿಂದಲೇ, ಸ್ವಲ್ಪ ಟಚ್‌ಅಪ್ ಮಾಡಿದರೆ ಇದೇ ಸ್ಕ್ಯಾನ್ ನಡೆಯುತ್ತದೆ ಎಂದರು. ಮೇಡಂ ಅವರ ಕಡೆ ತಿರುಗಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ನನ್ನ ಹೊಟ್ಟೆ ಎಂತ ಮದುವೆ ಆಲ್ಬಮ್ಮಾ, ಟಚ್‌ಅಪ್ ಮಾಡ್ಲಿಕ್ಕೆ?"

ಅಲ್ಲಿಗೆ ಮುಗಿಯಿತು. ನಿರ್ಧಾರ ಮುಂದಕ್ಕೆ ಹೋಯಿತು, ಇನ್ನೂ ಮುಂದಕ್ಕೆ ಹೋಯಿತು. ಕೊನೆಗೆ ಕಾಲೇಜಿನವರು ಹೊರದೇಶದ ಒಂದು ಸಿದ್ಧ ಸಾಫ್ಟ್‌ವೇರನ್ನು ತರಿಸಿಕೊಂಡರು ಎಂದು ತಿಳಿಯಿತು. ಅದರಲ್ಲಿ ನುಣುಪಾದ ಒಬ್ಬ ಗಂಡಸು ಗಿರಗಿರನೆ ತಿರುಗುತ್ತಾನೆ. ಎಲ್ಲವೂ ಇರಬೇಕಾದಲ್ಲಿಯೇ ಇದೆ.

ಅದಾದ ಕೆಲವು ದಿನಗಳಿಗೆ ಮೇಡಂ ಆಫೀಸಿಗೆ ಬಂದರು. ತಮ್ಮ ಸ್ಕ್ಯಾನನ್ನೂ ಗುರುತುಗಳನ್ನೂ ಎಲ್ಲ ಕಡೆಯಿಂದ ಅಳಿಸಬೇಕು ಎಂದರು. ನಾನು ಆಗುವುದಿಲ್ಲ ಎಂದೆ. ಬೇರೆ ಕಾಲೇಜಿಗೆ ತೋರಿಸೋಣ, ನಾವೇ ಉಚಿತವಾಗಿ ತೆರೆದಿಡೋಣ, ಇಷ್ಟೆಲ್ಲ ಎಳೆದದ್ದು ಹಾಳಾಗುತ್ತದಲ್ಲ ಎಂದು ಗೋಗರೆದೆ. ಅವರು ತಲೆಯಾಡಿಸಿದರು. "ನೀನು ಇಲ್ಲಿ ಇರುವಷ್ಟು ದಿನ ಸರಿ. ನೀನು ಬಿಟ್ಟು ಹೋದ ಮೇಲೆ ಇನ್ನೊಬ್ಬರು ಬಂದು ನಡುವಿನದ್ದು ಉಜ್ಜಿ ಹಾಕ್ತಾರೆ. ಸುಳ್ಳು ಹೊಟ್ಟೆಗೆ ನನ್ನ ಹೆಸರು ಬೇಡ."

"ನೀವೂ ಅವರ ಹಾಗೇ ಹಟ ಮಾಡ್ತೀರಿ ಮೇಡಂ" ಎಂದೆ. ನನ್ನ ಧ್ವನಿ ಏರಿತ್ತು.

"ಹೌದು" ಎಂದರು, ಶಾಂತವಾಗಿ. "ದೇಹ ನನ್ನದಲ್ವಾ?"

ಅವರು ನೋಡುತ್ತಿದ್ದ ಹಾಗೆ ಒಂದೊಂದನ್ನೇ ಅಳಿಸಿದೆ. ಅವರು ಸೀಡಿಯನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಹೋಗುವಾಗ ಬಾಗಿಲಲ್ಲಿ ನಿಂತು, ಇನ್ನೊಂದು ಕಾಲೇಜಿಗೆ ದೇಹದಾನಕ್ಕೆ ಸಹಿ ಹಾಕಿ ಬಂದಿದ್ದೇನೆ ಎಂದು ಹೇಳಿದರು. "ಸತ್ತ ಮೇಲೆ ಪೂರಾ ನಾನೇ ಹೋಗ್ತೇನೆ. ಮಕ್ಕಳು ಕೊಯ್ದು ಕೈಯಲ್ಲಿ ಹಿಡಿದು ನೋಡ್ಲಿ. ಅದನ್ನು ಯಾರು ಅಳಿಸ್ತಾರೆ ನೋಡುವ." ಆ ಮಾತು ಹೇಳುವಾಗ ಮಾತ್ರ ಅವರ ಮುಖ ಹಗುರಾಗಿತ್ತು.

ಅದಾದ ಮೇಲೂ ನಾನು ಆಗಾಗ ಕುಲಶೇಖರಕ್ಕೆ ಹೋಗುತ್ತಿದ್ದೆ. ಸ್ಕ್ಯಾನಿನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳ ಡಬ್ಬಿ ಬರುತ್ತಿತ್ತು; ಅಪ್ಪನೂ ಅದರಿಂದ ಕಲ್‌ಕಲ್ ಆರಿಸಿ ತಿನ್ನುತ್ತಿದ್ದರು. ಹಾಗೆ ಇನ್ನೂ ಬಹಳ ವರ್ಷ ನಡೆಯುತ್ತದೆ ಎಂದುಕೊಂಡಿದ್ದೆ...

ಕೊರೊನಾ ಬಂತು. ಎಲ್ಲ ಬಾಗಿಲುಗಳೂ ಮುಚ್ಚಿದ್ದ ಆ ದಿನಗಳಲ್ಲಿ ಒಂದು ಮಧ್ಯಾಹ್ನ ತಂಗಿ ಫೋನ್ ಮಾಡಿದರು. ಅಕ್ಕ ಊಟ ಮಾಡಿ ಮಲಗಿದವರು ಏಳಲಿಲ್ಲ, ಹೃದಯ ನಿಂತಿತು ಎಂದರು. ಟೆಸ್ಟ್ ಮಾಡಿಸಿದರು, ಕಾಯಿಲೆ ಇರಲಿಲ್ಲ. ಆದರೂ ಆ ಸಮಯದಲ್ಲಿ ಯಾವ ದೇಹವನ್ನೂ ತೆಗೆದುಕೊಳ್ಳುತ್ತಿಲ್ಲ ಎಂದು ಆ ಕಾಲೇಜಿನವರು ಹೇಳಿದರು. "ಬೇಡ ಹೇಳಿದ್ರು ಮಗಾ. ಅವಳು ಅಷ್ಟು ಆಸೆ ಇಟ್ಟುಕೊಂಡಿದ್ದಳು. ನಾನು ಕೈ ಮುಗಿದು ಕೇಳಿದೆ. ಬೇಡ ಹೇಳಿದ್ರು." ತಂಗಿ ಅಳುತ್ತಿರಲಿಲ್ಲ. ಅವರ ಧ್ವನಿಯಲ್ಲಿ ಇದ್ದದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಸಿಟ್ಟು. ಆ ಕಾಲೇಜಿನವರನ್ನು ದೂರುವ ಹಾಗೂ ಇರಲಿಲ್ಲ, ಎಲ್ಲರಿಗೂ ಅಂಥದೇ ನಿಯಮವಿದ್ದ ಕಾಲ. ಯಾರನ್ನೂ ದೂರಲಾಗದ ಸಿಟ್ಟು ಬಹಳ ಕೆಟ್ಟದ್ದು, ಇಳಿಯುವುದಕ್ಕೆ ಜಾಗವೇ ಸಿಗುವುದಿಲ್ಲ. ಇಗರ್ಜಿಯ ಸಿಮಿತ್ರಿಯಲ್ಲಿ ನಾಲ್ಕು ಜನ ನಿಂತು ಅವರನ್ನು ಮಣ್ಣು ಮಾಡಿದರು. ನನಗೆ ಹೋಗಲು ಬಿಡಲಿಲ್ಲ. ನಮ್ಮ ಬೀದಿಗೆ ಅಡ್ಡ ಹಲಗೆ ಕಟ್ಟಿದ್ದರು.

ಕಳೆದ ತಿಂಗಳು, ಆಫೀಸು ಬದಲಾಯಿಸಿದ ವಾರವೇ, ನಾನು ಎರಡು ಕಡೆ ಫೋನ್ ಮಾಡಿ ಕೇಳಿ ನೋಡಿದೆ. ಸ್ಕ್ಯಾನ್ ಸೆಂಟರಿನ ಡಾಕ್ಟರು ಪ್ರೀತಿಯಿಂದಲೇ ಮಾತಾಡಿದರು. ಹಳೆಯ ಯಂತ್ರ ಹೋಗಿ ಹೊಸತು ಬಂದಿದೆ, ಅಷ್ಟು ಹಿಂದಿನ ಚಿತ್ರಗಳು ಯಾವುದೂ ಉಳಿದಿಲ್ಲ ಎಂದರು. ತಂಗಿಗೆ ಈಗ ಮೆಟ್ಟಿಲು ಹತ್ತಲಾಗುವುದಿಲ್ಲ. ಆದರೂ ಯಾರನ್ನೋ ಹತ್ತಿಸಿ ಅಕ್ಕನ ಕಪಾಟು ಹುಡುಕಿಸಿದರು. ಇಗರ್ಜಿ ಹಾಡುಗಳ ಸೀಡಿಗಳು ಸಿಕ್ಕವು, ಸಂಬಂಧಿಕರ ಮದುವೆಗಳ ಸೀಡಿಗಳು ಸಿಕ್ಕವು. ಅದು ಸಿಗಲಿಲ್ಲ. "ನೀನು ಅದನ್ನು ತುಂಬ ಸಲ ನೋಡಿದ್ದಿ ಅಲ್ವಾ ಮಗಾ, ಹೇಗಿತ್ತು?" ಎಂದು ಕೇಳಿದರು.

ಹೇಳೋಣವೆಂದು ಬಾಯಿ ತೆರೆದೆ. ಒಂದು ಕಾಗದ ಎಳೆದುಕೊಂಡು, ಫೋನ್ ಹೆಗಲಿಗೆ ಒತ್ತಿ ಹಿಡಿದು, ಬರೆಯಲು ನೋಡಿದೆ. ನಡುವೆ ಬೆನ್ನುಮೂಳೆ, ಎರಡು ಬದಿಯ ಎರಡು ಕಿಡ್ನಿ. ಅವು ಕೂಡುವ ಜಾಗ ದಪ್ಪವಿತ್ತೋ, ತೆಳ್ಳಗಿತ್ತೋ? ಸರಿ ನಡುವಿನಲ್ಲಿತ್ತೋ, ಒಂದು ಬದಿಗೆ ವಾಲಿತ್ತೋ? ಅವರು ಉಸಿರು ಹಿಡಿದು ಎಳೆದ ಆ ಗೆರೆ, ನಾನು ಪಕ್ಕದಲ್ಲಿ ಕುಳಿತು ನೋಡಿದ್ದು... ನೆನಪಾಗಲಿಲ್ಲ. ಎಷ್ಟು ಕಣ್ಣು ಮುಚ್ಚಿ ಕುಳಿತರೂ ಆಗಲಿಲ್ಲ.

ಅದನ್ನು ಅಷ್ಟು ಹತ್ತಿರದಿಂದ ಬಲ್ಲವರು ಇಬ್ಬರೇ ಇದ್ದೆವು. ಇನ್ನು ಕೇಳಲು ಯಾರೂ ಇಲ್ಲ.